ತಮ್ಮನ ಬೂಟಿನ ಮೂರನೇ ತೂತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಯಲಹಂಕದ ಹಳೇ ಊರಿನಲ್ಲಿತ್ತು. ಮುಂದಿನ ಕೋಣೆಯಲ್ಲಿ ನಾವು, ಹಿಂದಿನ ಚಪ್ಪರದಲ್ಲಿ ಕುದುರೆ. ಅಪ್ಪ ಜಟಕಾ ಓಡಿಸುತ್ತಿದ್ದ. ರೈಲು ಬರುವ ಹೊತ್ತಿಗೆ ಸ್ಟೇಷನ್ ಮುಂದೆ ಗಾಡಿ ನಿಲ್ಲಿಸಿ, ಇಳಿದವರನ್ನು ಅವರವರ ಮನೆಗೆ ಮುಟ್ಟಿಸುವುದು ಅವನ ಕೆಲಸ. ನಮ್ಮ ಬಟ್ಟೆಗೆಲ್ಲ ಹುಲ್ಲು, ಹುರುಳಿ, ಕುದುರೆ ಬೆವರಿನ ವಾಸನೆ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಇಷ್ಟವಾಗಿತ್ತು.

ನನಗೆ ಎಂಟು ವರ್ಷವಾಗಿದ್ದಾಗ ತಮ್ಮ ಹುಟ್ಟಿದ. ಮಕ್ಕಳೇ, ನೀವು ಚಿಕ್ಕ ತಾತ ಎನ್ನುತ್ತೀರಲ್ಲ, ಅವನೇ. ಹುಟ್ಟುವಾಗಲೇ ಅವನ ಬಲಪಾದ ಒಳಕ್ಕೆ ಮಡಚಿಕೊಂಡು, ಅಂಗಾಲು ಇನ್ನೊಂದು ಕಾಲನ್ನು ನೋಡುತ್ತಿತ್ತು. ಗ್ರಹಣದ ದಿನ ಅಮ್ಮ ಕುಡುಗೋಲು ಹಿಡಿದಿದ್ದಳಂತೆ, ಅದಕ್ಕೇ ಹೀಗಾಯಿತು ಎಂದು ಬೀದಿಯವರು ಆಡಿಕೊಂಡರು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗುವನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ವಾರ ವಾರವೂ ಪ್ಲಾಸ್ಟರ್ ಬದಲಿಸುತ್ತಾ, ಸ್ವಲ್ಪ ಸ್ವಲ್ಪವಾಗಿ ಪಾದವನ್ನು ನೇರಕ್ಕೆ ತಂದರು. ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಅಮ್ಮ ಆ ಪಾದವನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು, ಅಡುಗೆಗೂ ಏಳಲಿಲ್ಲ.

ಆಮೇಲೆ ಬೂಟು ಬಂತು. ಎರಡು ಪುಟ್ಟ ಚರ್ಮದ ಬೂಟು, ನಡುವೆ ಎರಡನ್ನೂ ಸೇರಿಸುವ ಕಬ್ಬಿಣದ ಸರಳು. ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬೇಕು, ಇಲ್ಲದಿದ್ದರೆ ಪಾದ ಮತ್ತೆ ಹಳೇ ದಾರಿ ಹಿಡಿಯುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಬೂಟಿನ ಪಟ್ಟಿಯನ್ನು ಮೂರನೇ ತೂತಿಗೇ ಹಾಕಬೇಕು ಎಂದು ಅಮ್ಮನ ಕೈಲಿ ಎರಡು ಸಲ ಹಾಕಿಸಿ ನೋಡಿದ್ದರು. ಅಮ್ಮ ಓದಿದವಳಲ್ಲ. ಆದರೆ ಮೂರು ಎಂದರೆ ಅವಳಿಗೆ ಮೂರೇ.

ತಮ್ಮ ಅಳುತ್ತಿದ್ದ. ಎರಡು ಕಾಲೂ ಒಟ್ಟಿಗೇ ಮೇಲೆದ್ದು ಒಟ್ಟಿಗೇ ಬೀಳುತ್ತಿದ್ದವು, ಸರಳು ಗೋಡೆಗೆ ತಾಗಿ ಠಣ್ ಎನ್ನುತ್ತಿತ್ತು. ಅಮ್ಮ ನೀರಿಗೋ ಬಟ್ಟೆ ಒಗೆಯಲು ಕೆರೆಗೋ ಹೋದಾಗ ಮಗು ನನ್ನ ಪಾಲಿಗೆ ಬರುತ್ತಿತ್ತು. ನಾನು ದಿನಾ ಸಂಜೆ ನೋಡುತ್ತಿದ್ದೆ: ಅಪ್ಪ ಕುದುರೆಯ ಹೊಟ್ಟೆಯ ಪಟ್ಟಿ ಬಿಚ್ಚಿದ ಕೂಡಲೇ ಅದು ಮೈಯೆಲ್ಲ ಜಾಡಿಸಿ, ಉಸ್ಸೆಂದು ಉಸಿರು ಬಿಟ್ಟು ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಕುದುರೆಗೆ ಆಗುವ ಸುಖ ತಮ್ಮನಿಗೂ ಆಗಲಿ ಎಂದು ನಾನು ಅವನ ಬಲಗಾಲಿನ ಪಟ್ಟಿಯನ್ನು ಮೂರನೇ ತೂತಿನಿಂದ ಸಡಿಲಿಸಿ ಮೊದಲನೆಯದಕ್ಕೆ ಹಾಕಿದೆ. ಅವನು ಸುಮ್ಮನಾದ. ನನ್ನನ್ನು ನೋಡಿ ನಕ್ಕ. ಹೊಸ್ತಿಲಲ್ಲಿ ಕೊಡ ಇಳಿಸುವ ಸದ್ದಾದಾಗ ಮತ್ತೆ ಮೂರನೆಯದಕ್ಕೆ ಹಾಕಿಬಿಟ್ಟೆ. ಆ ನಗುವಿಗೋಸ್ಕರ ದಿನವೂ ಹೀಗೇ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ.

ಹಿಮ್ಮಡಿ ಮೊದಲು ಕೆಂಪಾಯಿತು. ಆಮೇಲೆ ಬೊಬ್ಬೆ ಬಂತು, ಒಡೆಯಿತು, ಕೀವಾಯಿತು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದಳು. ಗಾಯ ಇನ್ನೂ ಹಸಿಯಾಯಿತು. ಬೂಟಿನೊಳಗಿನ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕೊನೆಗೆ ಅಪ್ಪ, ಮಾಯುವವರೆಗೆ ಬೂಟೇ ಬೇಡ ಎಂದು ಬಿಚ್ಚಿಟ್ಟ. ಎರಡು ವಾರ ಕಳೆದರೂ ಗಾಯ ಪೂರ್ತಿ ಮಾಯಲಿಲ್ಲ. ಆದರೆ ಪಾದ ಒಳಕ್ಕೆ ತಿರುಗತೊಡಗಿತ್ತು.

ನಾನು ಹೇಳಬೇಕಾದದ್ದು ಆಮೇಲಿನ ಒಂದು ದಿನದ ಮಾತು. ಅವತ್ತು ಅಪ್ಪ ಗಾಡಿ ಹೂಡಲಿಲ್ಲ. ಮಗುವಿನ ಬಟ್ಟೆಯ ಗಂಟು ಹೊರಲು ನನ್ನನ್ನೂ ಕರೆದುಕೊಂಡು ಎಲ್ಲರೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಗೋಡೆಗೆ ಒರಗಿ ಕೂತ ಎಷ್ಟೋ ತಾಯಂದಿರು. ನರ್ಸಮ್ಮ ತಮ್ಮನ ಹಿಮ್ಮಡಿ ನೋಡಿದರು, ಬೂಟಿನೊಳಗೆ ಬೆರಳಾಡಿಸಿದರು. ಆಮೇಲೆ ಅಮ್ಮನ ಮುಖ ನೋಡಿದರು.

"ಇದು ಬಿಗಿ ಕಟ್ಟಿ ಆದ ಗಾಯ ಅಲ್ಲಮ್ಮ. ಬೂಟು ಸಡಿಲ ಇದ್ರೆ ಮಗು ಒದ್ದಾಗೆಲ್ಲ ಹಿಮ್ಮಡಿ ಮೇಲೆ ಕೆಳಗೆ ಉಜ್ಜುತ್ತೆ. ಅದರ ಮೇಲೆ ಎಣ್ಣೆ ಬೇರೆ ಹಚ್ಚಿ ಚರ್ಮ ಮೆತ್ತಗೆ ಮಾಡಿದೀರ. ಸಡಿಲ ಮಾಡಿದ್ದು ಯಾರು?"

"ಮೂರನೇ ತೂತಿಗೇ ಆಕ್ತಿದ್ದೆ ಕಣಮ್ಮ," ಎಂದಳು ಅಮ್ಮ.

ಅಪ್ಪ ಅಲ್ಲೇ ನಿಂತಿದ್ದ. ಸಡಿಲ ಪಟ್ಟಿ ಮೈ ಕಿತ್ತುಹಾಕುತ್ತದೆ ಎಂಬುದು ಜಟಕಾದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಯ ಹೊಟ್ಟೆಯ ಪಟ್ಟಿಯನ್ನು ಅವನು ಎರಡು ಬೆರಳು ತೂರಿಸಿ ನೋಡದೆ ಒಂದು ದಿನವೂ ಗಾಡಿ ಬಿಟ್ಟವನಲ್ಲ. ಅವನ ಮುಖ ಕಪ್ಪಿಟ್ಟಿತು. ಅಷ್ಟು ಜನರ ಮುಂದೆ, ದನಿ ಏರಿಸದೆ ಹೇಳಿದ: "ಕುದ್ರೆ ಕಟ್ಟೋನ್ ಎಂಡ್ತಿ ನೀನು. ಅಷ್ಟೂ ಗೊತ್ತಾಗ್ಲಿಲ್ವಾ?"

ನಾನು ಗಂಟನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ನಾನೇ ಎಂಬ ಎರಡಕ್ಷರ ಹೇಳಲಿಲ್ಲ. ಹೇಳಿದರೆ ಅಪ್ಪ ಹೊಡೆಯುತ್ತಾನೆ ಎಂದಲ್ಲ. ಅಪ್ಪ ನನ್ನನ್ನು ಒಂದು ಏಟೂ ಹೊಡೆದವನಲ್ಲ. ಅಮ್ಮನನ್ನು ನೋಡಿದ ಹಾಗೆ ನನ್ನನ್ನೂ ನೋಡಿಬಿಟ್ಟಾನು ಎಂದು ಹೆದರಿದೆ. ಅಷ್ಟರಲ್ಲಿ ಡಾಕ್ಟರು ಬಂದರು. ಗಾಯ ಮಾಯಲಿ, ಆಮೇಲೆ ಮೊದಲಿನಿಂದ ಪ್ಲಾಸ್ಟರ್ ಹಾಕೋಣ, ಪಾದ ಇನ್ನೂ ಎಳೆಯದು, ಸರಿ ಮಾಡಬಹುದು ಎಂದರು. ಆದರೆ ಮನೆಯಲ್ಲಿ ಬೂಟು ಸರಿಯಾಗಿ ಕಟ್ಟುವವರು ಇರಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದರು. ಅಪ್ಪ ತಲೆ ಆಡಿಸಿದ.

ವಾಪಸು ಬರುವಾಗ ಅಪ್ಪ ಮುಂದೆ ಬಾಗಿಲ ಹತ್ತಿರ ನಿಂತ, ಸೀಟು ಖಾಲಿ ಇದ್ದರೂ ಕೂರಲಿಲ್ಲ. ತಮ್ಮ ಅಮ್ಮನ ಮಡಿಲಲ್ಲಿ ಮಲಗಿದ್ದ. ಹೆಬ್ಬಾಳದ ಕೆರೆ ಬಂದಾಗ ತಣ್ಣನೆ ಗಾಳಿ ಒಳಗೆ ಬಂತು. ಅಮ್ಮ ಸೆರಗಿನಿಂದ ಮಗುವಿನ ಕಾಲು ಮುಚ್ಚಿ, ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದಳು: "ನಾನು ಮೂರನೇ ತೂತಿಗೇ ಆಕ್ತಿದ್ನಲ್ಲವೇನೇ? ನೀನೇ ನೋಡಿದೀಯಲ್ಲ. ನಿಮ್ಮಪ್ಪಂಗೆ ಒಂದ್ ಮಾತು ಏಳು."

"ನಂಗೊತ್ತಿಲ್ಲ," ಎಂದೆ.

ಅಮ್ಮ ಮತ್ತೆ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದರೂ ಹೋಗುತ್ತದೆ ಮಕ್ಕಳೇ, ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಯ ಮಾಯಿತು. ಅಪ್ಪ ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ. "ಇವಳ ಕೈಲಿ ಆಗೋದಲ್ಲ, ಮಗೀನ ಇನ್ಯಾಕೆ ಇಂಗೆ ಗೋಳು ಉಯ್ಕೊಳ್ಳೋದು," ಎಂದು ಬೂಟನ್ನು ಅಟ್ಟಕ್ಕೆ ಎಸೆದ. ಅಮ್ಮ ಎರಡು ಸಲ ಕಾಲಿಗೆ ಬಿದ್ದು ಕೇಳಿಕೊಂಡಳು, ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಅವತ್ತಾದರೂ ಬಾಯಿ ಬಿಟ್ಟಿದ್ದರೆ ಅಪ್ಪನಿಗೆ ಅಮ್ಮನ ಮೇಲೆ ಮತ್ತೆ ನಂಬಿಕೆ ಬರುತ್ತಿತ್ತು, ತಮ್ಮನಿಗೆ ಕಾಲು ಬರುತ್ತಿತ್ತು. ಬಾಯಿ ಬಿಡಲಿಲ್ಲ. ತಮ್ಮ ಪಾದದ ಹೊರ ಅಂಚಿನ ಮೇಲೆ ನಡೆಯುವುದನ್ನು ಕಲಿತ. ಅವನು ಎಡವಿ ಬಿದ್ದಾಗಲೆಲ್ಲ ಅಪ್ಪ ಅವನನ್ನು ಎತ್ತಿ, ಅಮ್ಮನನ್ನು ನೋಡುತ್ತಿದ್ದ. ವಯಸ್ಸಾದ ಮೇಲೆ ಅಮ್ಮನಿಗೇ ಅನುಮಾನ ಬಂತು. ಕಣ್ಣು ಮಂಜಾಗಿದ್ದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, "ನಾನೇ ಸಡಿಲ ಕಟ್ಟಿದ್ನೇನೋ ಕಣೆ, ನೆಪ್ಪಿಲ್ಲ," ಎಂದಳು. ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಆಗಲೂ ಕುಡಿಸುತ್ತಲೇ ಇದ್ದೆ.

ಈಗ ನಿಮ್ಮ ತಂಗಿ ಪುಟ್ಟಿಗೂ ಅದೇ ಕಾಲು. ಬೂಟು ಮೆತ್ತಗಿದೆ, ಬಣ್ಣ ಚೆನ್ನಾಗಿದೆ, ಹಿಮ್ಮಡಿ ಕೂತಿದೆಯೋ ಇಲ್ಲವೋ ನೋಡಲು ಹಿಂದೆ ಕಿಂಡಿಯೂ ಇದೆ. ಮೊನ್ನೆ ಭಾನುವಾರ ಅವಳ ಹಿಮ್ಮಡಿ ಕೆಂಪಾದಾಗ ನಿಮ್ಮಮ್ಮ ಫೋಟೊ ತೆಗೆದು ಆಸ್ಪತ್ರೆಗೆ ಕಳಿಸಿದಳು. ನಾವು ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಉತ್ತರ ಬಂತು: ಎಣ್ಣೆ ಬೇಡ, ಬೂಟು ಬಿಚ್ಚಿಡಬೇಡಿ, ಸುಕ್ಕಿಲ್ಲದಂತೆ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಕೆಳಗೆ ಕೂರಿಸಿ ಪಟ್ಟಿ ಬಿಗಿ ಮಾಡಿ, ನಾಳೆ ಕರೆದುಕೊಂಡು ಬಂದು ತೋರಿಸಿ. ಆಗ ನಿಮ್ಮಲ್ಲಿ ದೊಡ್ಡವಳು ತಟ್ಟೆ ಕೆಳಗಿಟ್ಟು ಅಂದಳು: "ಅಮ್ಮಾ, ಅವಳು ಅಳ್ತಿದ್ಲು ಅಂತ ನಾನೇ ಲೂಸ್ ಮಾಡ್ದೆ." ನಿಮ್ಮಮ್ಮ ಬೈದಳು, ಅವಳು ಅತ್ತಳು, ಆಮೇಲೆ ಇಬ್ಬರೂ ಸೇರಿ ಪಟ್ಟಿ ಕಟ್ಟಿದರು. ಐದು ನಿಮಿಷವೂ ಹಿಡಿಯಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಣ್ಣಿಗೆ ಒಗ್ಗರಣೆ ಹೊಗೆ ಎಂದು ನಿಮಗೆ ಸುಳ್ಳು ಹೇಳಿದೆ.

ನಿಮ್ಮ ಚಿಕ್ಕ ತಾತನಿಗೆ ಇದು ಯಾವುದೂ ಗೊತ್ತಿಲ್ಲ. ಪ್ರತಿ ವರ್ಷ ಅಮ್ಮನ ತಿಥಿಗೆ ಅವನು ಕೋಗಿಲು ಊರಿನಿಂದ ಬಂದು, ವಾಲುತ್ತಾ ಮೂರು ಮೆಟ್ಟಿಲು ಹತ್ತಿ, ಅಮ್ಮನ ಫೋಟೊಗೆ ಹೂವು ಹಾಕುತ್ತಾನೆ. "ಪಾಪ, ಅಮ್ಮಂಗೆ ಕಟ್ಟೋಕ್ ಬರ್ಲಿಲ್ಲ. ಅವಳದೇನೂ ತಪ್ಪಿಲ್ಲ ಬಿಡಕ್ಕ," ಎನ್ನುತ್ತಾನೆ. ನಾನು ಹೂಂ ಎನ್ನುತ್ತೇನೆ.