ಹುಲ್ಲಿಗಿಳಿದ ವಿಮಾನ ಮತ್ತು ಎರಡನೆಯ ಕಾಫಿ

ಜನವರಿ ೧೯, ಭಾನುವಾರ. ಆಧಾರ: ನನ್ನ ಕಿಸೆ ದಿನಚರಿ. ನಮೂದು ಇಷ್ಟೇ: ‘೯.೪೦, ಮಗಳ ವಿಮಾನ ಹುಲ್ಲಿಗೆ. ಗಾಯವಿಲ್ಲ. ೧೧.೨೦, ಕ್ಯಾಂಟೀನು, ಕಾಫಿ ಎರಡು.’

ಆ ವರ್ಷ ಮಗಳು ಯಲಹಂಕದ ಕಡೆ ಒಂದು ಹಾರಾಟ ಶಾಲೆಯಲ್ಲಿ ಕಲಿಯುತ್ತಿದ್ದಳು. ಸಂಜಯನಗರದಿಂದ ಹೆಬ್ಬಾಳದ ಮೇಲುಸೇತುವೆ ಹತ್ತಿ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ನನ್ನ ಭಾನುವಾರದ ಸುಖ. ಚಳಿಗೆ ನನ್ನ ಬೆನ್ನಿಗೊತ್ತಿಕೊಂಡು, ವಿಮಾನ ಇಳಿಸುವ ಕ್ರಮವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಮಂಜು ಕರಗುವವರೆಗೆ ಬೇಲಿಯ ಪಕ್ಕ ನಿಂತು ಒಂದೇ ಖಾರಾ ಬನ್ನನ್ನು ಇಬ್ಬರೂ ಮುರಿದು ತಿನ್ನುತ್ತಿದ್ದೆವು.

ಅಂದು ಅವಳೊಬ್ಬಳೇ ಇಳಿಸುವಾಗ ವಿಮಾನ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಪುಟಿಯಿತು, ಮೂರನೆಯ ಬಾರಿ ರನ್‌ವೇ ಬಿಟ್ಟು ಹುಲ್ಲಿಗೆ ಸರಿದು ನಿಂತಿತು. ಅವಳು ತಾನೇ ಬಾಗಿಲು ತೆರೆದು ಇಳಿದಳು.

“ಸಾಕಮ್ಮ, ಮನೆಗೆ ಹೋಗೋಣ,” ಎಂದೆ.

ವಾಯುಸೇನೆಯಿಂದ ನಿವೃತ್ತರಾಗಿದ್ದ ಅವಳ ಶಿಕ್ಷಕರು ಅಡ್ಡ ಬಂದರು. “ಇವತ್ತು ಮನೆಗೆ ಹೋದ್ರೆ ಭಯಾನೂ ಜೊತೇಲೇ ಬರುತ್ತೆ ಸಾರ್. ಇನ್ನೊಂದು ವಿಮಾನ ಇದೆ. ಮೊದಲು ನಾನು ಜೊತೇಲಿ ಒಂದು ಸುತ್ತು ಹೋಗಿ ನೋಡ್ತೀನಿ. ಆಮೇಲೆ ಅವಳೊಬ್ಳೇ.”

“ಬೇಡ ಕಣ್ರೀ.”

“ನಿಂತಿದ್ದ ಸ್ಕೂಟರಿಂದ ಬಿದ್ದೋನು ನೀನು, ಸುಮ್ನಿರಪ್ಪಾ,” ಎಂದಳು ಮಗಳು.

ನನ್ನ ನೆನಪಿನ ಪ್ರಕಾರ, ಕೊನೆಗೆ ನಡೆದದ್ದು ನನ್ನ ಮಾತೇ. ಕ್ಯಾಂಟೀನಿನಲ್ಲಿ ಅವಳು ನನ್ನೆದುರು ಕುಳಿತಿದ್ದಾಳೆ; ಅವಳ ಲೋಟದ ಕಾಫಿ ಮೇಜಿನ ಮೇಲೆ ಚೆಲ್ಲಿದೆ. ಅವಳನ್ನು ಮನೆಗೆ ಕರೆತಂದು, ವಾರವಿಡೀ ಧೈರ್ಯ ಹೇಳಿ, ಮುಂದಿನ ಭಾನುವಾರ ನಾನೇ ಮರಳಿ ಕರೆದೊಯ್ದೆ. ಇಲ್ಲವಾದರೆ ಅವಳ ಹಾರಾಟ ಅಂದಿಗೇ ಮುಗಿಯುತ್ತಿತ್ತು. ಈಗ ಅವಳು ಪ್ರಯಾಣಿಕರ ವಿಮಾನ ನಡೆಸುತ್ತಾಳೆ. ಅವಳೆದುರಿಗೇ ಈ ಕಥೆಯನ್ನು ಬಂಧುಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ನಕ್ಕಿದ್ದುಂಟು, ತಿದ್ದಿದ್ದಿಲ್ಲ.

ಕಳೆದ ವಾರ ಕಪಾಟಿನಲ್ಲಿ ಅವಳ ಹಳೆಯ ಲಾಗ್‌ಬುಕ್ ಸಿಕ್ಕಿತು. ಸಂಶೋಧನೆಯಿಂದ ನಿವೃತ್ತನಾದರೂ ದಿನಾಂಕಗಳನ್ನು ತಾಳೆ ನೋಡುವ ಚಟ ಬಿಟ್ಟಿಲ್ಲ; ಆ ದಿನದ ಪುಟ ತೆರೆದೆ. ಜನವರಿ ೧೯ರ ಕೊನೆಯ ಸಾಲಿನಲ್ಲಿ, ಶಿಕ್ಷಕರ ರುಜುವಿನೊಂದಿಗೆ, ಅವಳೊಬ್ಬಳೇ ಹಾರಿದ ಒಂದು ಸುತ್ತು ದಾಖಲಾಗಿದೆ: ಏರಿದ್ದು ೧೧.೧೬, ಇಳಿದದ್ದು ೧೧.೨೫.

ದಿನಚರಿಯ ೧೧.೨೦ಕ್ಕೆ, ನಾನು ಕಾಫಿ ತರಿಸಿದ ಹೊತ್ತಿಗೆ, ಮಗಳು ಆಕಾಶದಲ್ಲಿದ್ದಳು. ಎದುರು ಕುಳಿತಿದ್ದವರು ಶಿಕ್ಷಕರೇ ಇರಬೇಕು. ಕಾಫಿ ಚೆಲ್ಲಿದವನು ನಾನು.