ಮೂರಡಿ ಬಾಗು

‘ಕೈ ನಡುಗಿದೆ’ ಎಂದು ಎಂಜಿನಿಯರ್ ರಾಮಸ್ವಾಮಿ ಆಡಿದ ಮಾತನ್ನು ಓಬಳಪ್ಪ ಇವತ್ತಿಗೂ ಕ್ಷಮಿಸಿಲ್ಲ. ತನ್ನ ಕೈಗೇ ಅಂದಿದ್ದರೆ ಒಂದು ವಾರ ಮುಖ ಊದಿಸಿಕೊಂಡಿದ್ದು ಮರೆತುಬಿಡುತ್ತಿದ್ದ. ಆದರೆ ಆ ಮಾತು ಬಿದ್ದದ್ದು ದೇವಯ್ಯನ ಕೈಗೆ.

ಚಾಮರಾಜಪೇಟೆಯಲ್ಲಿ ಒಂದು ಮಹಡಿಯ ಮೇಲೆ ನಕ್ಷೆ ಬರೆದುಕೊಡುವ ಆಫೀಸು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದ್ದ ಓಬಳಪ್ಪ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಅಲ್ಲಿಗೆ ಸೇರಿದಾಗ ಕಿಟಕಿಯ ಪಕ್ಕದ ಮೇಜು ಹಿರಿಯ ಟ್ರೇಸರ್ ದೇವಯ್ಯನದು. ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಇಂಕಿನಲ್ಲಿ ತಿದ್ದುವುದು ಅವರ ಕೆಲಸ. ದೇವಯ್ಯ ಎದುರಿಗೆ ಕೂರಿಸಿಕೊಂಡು ಕಲಿಸಿದ.

“ಉಸಿರು ಹಿಡ್ಕೊಂಡು ಎಳಿಯೋ. ಗೆರೆ ಮುಗಿದ್ಮೇಲೆ ಉಸಿರು ಬಿಡು.”

“ಗೆರೆ ಉದ್ದ ಇದ್ರೆ ಸತ್ತೇ ಹೋಗ್ತೀನಲ್ಲಣ್ಣ?”

“ಸಾಯಿ. ಗೆರೆ ನೆಟ್ಟಗಿರ್ಲಿ.”

ಇನ್ನೊಂದು ಪಾಠವನ್ನೂ ಹೇಳಿಕೊಟ್ಟ. ಅಳಿಯಬಾರದ ಗೆರೆ ಇದ್ದರೆ ಅದರ ಮೇಲೆ ಎರಡು ಸಲ ಪೆನ್ನು ಆಡಿಸಬೇಕು. ನಕಲಿನ ಮೇಲೆ ನಕಲು ತೆಗೆದರೂ ಅದು ಮಾಸುವುದಿಲ್ಲ. ಈ ಪಾಠವೇ ಮುಂದೆ ಓಬಳಪ್ಪನ ಕುತ್ತಿಗೆಗೆ ಬಂತು.

ಗವಿಪುರದ ಇಳಿಜಾರಿನಲ್ಲಿ ಮಳೆನೀರು ಹರಿಯುವ ದೊಡ್ಡ ಮೋರಿ ಇತ್ತು. ಅದರ ಕಲ್ಲಿನ ದಡ ಒಂದು ಹೊಂಗೆ ಮರದ ಹತ್ತಿರ ಮೂರಡಿ ಒಳಕ್ಕೆ ಸರಿದು, ಮರವನ್ನು ಬಳಸಿಕೊಂಡು ಮತ್ತೆ ನೇರವಾಗುತ್ತಿತ್ತು. ನಕ್ಷೆಯಲ್ಲಿ ಅದು ಒಂದು ಸಾಸಿವೆ ಕಾಳಿನಷ್ಟು ಬಾಗು. ಆ ಮರದ ಬುಡದಲ್ಲಿ, ಜ್ವರ ಬಂದು ತೀರಿಕೊಂಡ ನಾಲ್ಕು ವರ್ಷದ ಮಗಳು ಶಕುಂತಲೆಯನ್ನು, ತನ್ನ ಪುಟ್ಟಿಯನ್ನು, ದೇವಯ್ಯ ಮಣ್ಣು ಮಾಡಿದ್ದ. ದಡ ಕಟ್ಟಿದ ಕಲ್ಲುಕೆಲಸದವರು ಅವನ ಕೇರಿಯವರೇ; ಬಾಯಿಬಿಟ್ಟು ಏನೂ ಕೇಳದೆ ಕಲ್ಲನ್ನು ಸುತ್ತಿಸಿ ಇಟ್ಟಿದ್ದರು.

ಎಂಬತ್ತನಾಲ್ಕರಲ್ಲಿ ಕಣ್ಣು ಮಂಜಾಗಿ ದೇವಯ್ಯ ಕೆಲಸ ಬಿಟ್ಟ. ಹೋಗುವ ದಿನ ತನ್ನ ಇಂಕಿನ ಪೆನ್ನನ್ನು ಓಬಳಪ್ಪನ ಕೈಗಿಟ್ಟ.

“ಕೆಲಸ ಕಲಿಸಿದ್ದಕ್ಕೆ ನಿನ್ ಹತ್ರ ಏನೂ ಬೇಡ ಕಣೋ. ಆ ಮೋರಿ ನಕ್ಷೆ ಎಷ್ಟು ಸಲ ಬರೆದ್ರೂ ಪುಟ್ಟಿ ಬಾಗು ಬಿಡ್ಬೇಡ. ಯಾಕೆ ಅಂತ ಯಾರ್ಗೂ ಹೇಳ್ಲೂ ಬೇಡ. ಸಮಾಧಿ ಅಂತ ಗೊತ್ತಾದ್ರೆ ಸರ್ಕಾರಿ ಜಾಗ ಅಂತ ಅಗೆಸಿಬಿಡ್ತಾರೆ.”

“ನಾನಿರೋವರ್ಗೂ ಬಿಡಲ್ಲ, ದೇವಯ್ಯಣ್ಣ.”

ಎಂಬತ್ತೆಂಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಗಾಜಿನ ಕೋಣೆ, ಎ.ಸಿ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. “ಮಂಗಳಾರತಿ ಎಷ್ಟೊತ್ಗೆ?” ಎಂದು ಓಬಳಪ್ಪ ಕೇಳಿದ್ದಕ್ಕೆ ರಾಮಸ್ವಾಮಿ ನಗಲಿಲ್ಲ. ಕಂಪ್ಯೂಟರಿಗೆ ಮೊದಲು ಏರಿಸಬೇಕಾದ್ದು ಅದೇ ಮೋರಿಯ ನಕ್ಷೆ. ದಡಕ್ಕೆ ಹೊಸ ಕಾಂಕ್ರೀಟ್ ಗೋಡೆ ಬರುವುದಿತ್ತು.

ನಕ್ಷೆಯನ್ನು ಕಂಪ್ಯೂಟರಿಗೆ ತಂತಿ ಜೋಡಿಸಿದ ಹಲಗೆಯ ಮೇಲೆ ಅಂಟಿಸಿ, ಕೈಯಲ್ಲಿ ಹಿಡಿಯುವ ಗುಂಡಿಯನ್ನು ಗೆರೆಯುದ್ದಕ್ಕೂ ಸರಿಸುತ್ತಾ ಒತ್ತುತ್ತಾ ಹೋಗಬೇಕು. ಒತ್ತಿದಲ್ಲೆಲ್ಲ ಒಂದು ಚುಕ್ಕೆ. ಚುಕ್ಕೆಗಳು ಕೂಡಿ ಪರದೆಯ ಮೇಲೆ ಹಸಿರು ಗೆರೆ. ಹೊಂಗೆ ಮರದ ಜಾಗ ಬಂದಾಗ ಓಬಳಪ್ಪ ಉಸಿರು ಹಿಡಿದ. ನಾಲ್ಕು ಚುಕ್ಕೆ ಸಾಕಿತ್ತು. ಅಳಿಯಬಾರದ ಗೆರೆ ಇದು ಎಂದು ಹನ್ನೆರಡು ಒತ್ತಿದ.

ಸಂಜೆ ರಾಮಸ್ವಾಮಿ ಬಂದು ನೋಡಿದ. “ಏನ್ರೀ ಓಬಳಪ್ಪ, ಇರುವೆ ಸಾಲು ಬಿಟ್ಟಿದೀರ. ಇಷ್ಟು ಚುಕ್ಕೆ ಯಾಕೆ? ನಾಲ್ಕಡಿಗಿಂತ ಕಮ್ಮಿ ಅಲುಗಾಟ ಇರೋ ಕಡೆ ಚುಕ್ಕೆ ಕಿತ್ತು ಗೆರೇನ ನಯ ಮಾಡೋಕೆ ಇದಕ್ಕೇ ಹೇಳ್ಬೋದು. ಹ್ಞೂಂ, ನೀವೇ ಒತ್ತಿ.”

ಓಬಳಪ್ಪ ಒತ್ತಿದ. ಸಾವಿರದ ಚಿಲ್ಲರೆ ಚುಕ್ಕೆ ತೊಂಬತ್ತಾದವು. ಗೆರೆ ಮೈಮುರಿದು ಎದ್ದಂತೆ ನೆಟ್ಟಗೆ, ನುಣ್ಣಗೆ ನಿಂತಿತು. ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹದಿನೇಳು ವರ್ಷ ಉಸಿರು ಕಟ್ಟಿಕೊಂಡು ಎಳೆದರೂ ಅಂಥ ಗೆರೆ ಅವನಿಗೆ ಬಂದಿರಲಿಲ್ಲ. ಒಂದು ಗಳಿಗೆ ಅವನೂ ಹಿಗ್ಗಿದ. ಆಮೇಲೆ ಮರದ ಜಾಗ ಹುಡುಕಿದ. ಬಾಗು ಇರಲಿಲ್ಲ.

“ಸಾರ್, ಇಲ್ಲಿ ಮೂರಡಿ ಬಾಗಿತ್ತು. ವಾಪಸ್ ತನ್ನಿ.”

“ಹಳೇದರ ಮೇಲೇ ಸೇವ್ ಮಾಡಿಬಿಟ್ಟಿದೀನಿ, ಅದು ಹೋಯ್ತು. ಮೂರಡಿಗೆ ಏನಾಗತ್ತೆ? ಯಾರೋ ಮುದುಕ ಟ್ರೇಸರ್, ಕೈ ನಡುಗಿದೆ.”

ಓಬಳಪ್ಪನ ಕಣ್ಣು ಕೆಂಪಾಯಿತು. ಯಾಕೆ ಎಂದು ಹೇಳುವಂತಿಲ್ಲ. ಹೇಳದೆ ಸುಮ್ಮನಿರಲೂ ಆಗಲಿಲ್ಲ. “ಆ ಕೈ ಮುಂದೆ ನಿನ್ ಮಷೀನ್ ಯಾವ ಮೂಲೆಗಯ್ಯ!” ಎಂದು ಸ್ಟೂಲನ್ನು ಒದ್ದು ಮನೆಗೆ ಹೋದವನು ಮೂರು ದಿನ ಆಫೀಸಿನ ಕಡೆ ತಲೆ ಹಾಕಲಿಲ್ಲ. ಕೂತು ನಾಲ್ಕು ಚುಕ್ಕೆ ಮತ್ತೆ ಒತ್ತಿದ್ದರೆ ಮುಗಿಯುತ್ತಿತ್ತು. ನಾಲ್ಕನೇ ದಿನ ಹೋದಾಗ ನಕ್ಷೆ ಸಹಿಯಾಗಿ ಹೊರಟುಹೋಗಿತ್ತು.

ಆ ಭಾನುವಾರವೇ ದೇವಯ್ಯ ಕೋಲೂರಿಕೊಂಡು ಮನೆಗೆ ಬಂದ. ಓಬಳಪ್ಪನ ಹೆಂಡತಿ ಅಂಜಿನಮ್ಮ ಕಾಫಿ ಕೊಟ್ಟಳು.

“ಮಷೀನಲ್ಲಿ ಬರೆದ್ರಂತೆ. ಪುಟ್ಟಿ ಬಾಗು ಇದೆ ತಾನೆ?”

“ಇದೆ ಅಣ್ಣ.”

ಬೇಸಿಗೆಯಲ್ಲಿ ಗೋಡೆಗಾಗಿ ಹೊಂಗೆ ಮರ ಉರುಳಿತು. ಗೋಡೆ ನಕ್ಷೆಯಲ್ಲಿದ್ದ ಹಾಗೇ ಎದ್ದಿತು, ನೆಟ್ಟಗೆ, ನುಣ್ಣಗೆ. ದೇವಯ್ಯ ಕಾಂಕ್ರೀಟನ್ನು ಅಂಗೈಯಿಂದ ಸವರುತ್ತಾ ಬಂದು ಮರವಿದ್ದ ಜಾಗದಲ್ಲಿ ನಿಂತ. ಪಕ್ಕದಲ್ಲಿದ್ದ ಓಬಳಪ್ಪ ಬೈಗುಳಕ್ಕೆ ಕಾದ. ಬೈದಿದ್ದರೆ ಚೆನ್ನಾಗಿತ್ತು.

“ಗೋಡೆ ಇರ್ಲಿ ಬಿಡಪ್ಪ. ಕಾಗದದ ಮೇಲಾದ್ರೂ ವಾಪಸ್ ಹಾಕು. ಎಲ್ಲಿದಾಳೆ ಅನ್ನೋದಾದ್ರೂ ಇರ್ಲಿ.”

“ಹಾಕ್ತೀನಿ ಅಣ್ಣ.”

ಹಾಕಿದ. ಆದರೆ ಆ ಹೊತ್ತಿಗೆ ಪ್ರತಿ ನಕ್ಷೆಯೂ ಹೊರಡುವ ಮೊದಲು ರಾಮಸ್ವಾಮಿಯ ಕೈಯಲ್ಲಿ ಒಮ್ಮೆ ನಯವಾಗಲೇಬೇಕಿತ್ತು. ಓಬಳಪ್ಪ ಬೆಳಿಗ್ಗೆ ಹಾಕಿದ ಬಾಗು ಸಂಜೆಗೆ ಇರುತ್ತಿರಲಿಲ್ಲ. ಮತ್ತೆ ಹಾಕಿದ. ಮತ್ತೆ ಹೋಯಿತು. ಅಷ್ಟರಲ್ಲಿ ಮುಂದಿನ ಯುಗಾದಿ ಬಂತು. ದೇವಯ್ಯ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದ.

ಅಂದಿನಿಂದ ಬಾಗು ಓಬಳಪ್ಪನ ಮೈಗೇ ಹತ್ತಿಕೊಂಡಿದೆ. ಸ್ಕೇಲು ಒತ್ತಿ ಹಿಡಿದು ಗೆರೆ ಎಳೆದರೂ ನಡುವೆ ಒಂದು ಕಡೆ ಕೈ ಸಾಸಿವೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಯಾರೋ ಕೂತಿದ್ದಾರೆ, ತುಳಿಯಬಾರದು ಎನ್ನುವ ಹಾಗೆ. ಅಂಜಿನಮ್ಮ ರಂಗೋಲಿ ಎಳೆಯುವಾಗ “ಅಲ್ಲಿ ಜಾಗ ಬಿಡೇ” ಎಂದು ಕಿರುಚಿದ್ದಾನೆ. ಮೋರಿ ಪಕ್ಕದ ಹಾದಿಯಲ್ಲಿ ಹೋಗುವಾಗ ಆ ಜಾಗದಲ್ಲಿ ಅವನ ಕಾಲು ತಾನಾಗಿ ಬಳಸಿಕೊಂಡು ಹೋಗುತ್ತದೆ.

“ಬರಿ ನೆಲ ಅದು, ನೆಟ್ಟಗೆ ನಡಿಯಯ್ಯ,” ಎಂದಳು ಅಂಜಿನಮ್ಮ ಒಮ್ಮೆ.

ಅವನು ನೆಟ್ಟಗೆ ನಡೆಯಲಿಲ್ಲ. ದೇವಯ್ಯನ ಪೆನ್ನು ಅವನ ಜೇಬಿನಲ್ಲಿದೆ, ಇಂಕು ಒಣಗಿದೆ. ಆಫೀಸಿನ ಯಾವ ನಕ್ಷೆಯಲ್ಲೂ ಆ ಮೂರಡಿ ಇನ್ನೂ ಇಲ್ಲ.