ಬೆಲ್ಲಿಗೆ ಕಟ್ಟಿದ ಕರವಸ್ತ್ರ

ಹೋದ ವಾರ ನನ್ನ ಹೆಂಡತಿ ಹಳೆಯ ಹೊಲಿಗೆ ಯಂತ್ರವನ್ನು ಮೂಲೆಯಿಂದ ಎಳೆದು ತಂದು, ಎಣ್ಣೆ ಬಿಡುವ ಕೆಲಸವನ್ನು ನನಗೆ ಒಪ್ಪಿಸಿದಳು. ಪುಟ್ಟ ಬಾಟಲಿಯ ಮೂತಿಗೆ ಸೂಜಿ ಚುಚ್ಚುವಾಗ ಒಂದು ತೊಟ್ಟು ಬೆರಳಿಗೆ ಹತ್ತಿತು. ಮೂಗಿನ ಹತ್ತಿರ ಹಿಡಿದೆ, ಅಷ್ಟೇ... ಕಣ್ಣೆದುರು ಹೊಲಿಗೆ ಯಂತ್ರ ಇರಲಿಲ್ಲ. ಕಪ್ಪು ಸೈಕಲ್ಲೊಂದು ಗೋಡೆಗೆ ಒರಗಿತ್ತು, ಅದರ ಚೈನಿಗೆ ತೊಟ್ಟು ತೊಟ್ಟಾಗಿ ಇದೇ ಎಣ್ಣೆ ಬಿಡುತ್ತಾ ಕ್ರಾಫ್ಟ್ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತ್ಯಾಗರಾಜನಗರದ ಒಂದು ವಠಾರದಲ್ಲಿ ನನಗೊಂದು ಕೋಣೆಯಿತ್ತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ, ನಾಲಗೆ ಸ್ವಲ್ಪ ಉದ್ದ. ಎದುರು ಮನೆಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ಚಾಮರಾಜಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ತಕಲಿಯಲ್ಲಿ ನೂಲು ತೆಗೆಯುವುದನ್ನೂ ಬೆತ್ತ ಹೆಣೆಯುವುದನ್ನೂ ಹೇಳಿಕೊಡುತ್ತಿದ್ದ ಅವರು ವಾರವಿಡೀ ಮಾತಿಲ್ಲದ ಮನುಷ್ಯ. ಭಾನುವಾರ ಮಾತ್ರ ಬೇರೆಯೇ ಆಗಿಬಿಡುತ್ತಿದ್ದರು.

ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ ಬನಶಂಕರಿ ದೇವಸ್ಥಾನ ದಾಟಿ ಹೋಗುವುದು ಅವರ ಪದ್ಧತಿ. ಆಗ ದೇವಸ್ಥಾನ ದಾಟಿದರೆ ಊರು ಮುಗಿಯಿತು. ಆಮೇಲೆ ರಾಗಿ ಹೊಲ, ಕುರುಚಲು ಕಾಡು, ಬಂಡೆ. ಎಂಟು ಗಂಟೆಗೆಲ್ಲ ವಾಪಸು ಬಂದು ವಠಾರದ ನಲ್ಲಿಯಲ್ಲಿ ಮುಖ ತೊಳೆಯುತ್ತಾ ವರದಿ ಒಪ್ಪಿಸುವರು. “ಇವತ್ತು ಎರಡು ನರಿ. ಒಂದು ಮುಂಗುಸಿ. ನವಿಲು ಸುಮಾರಿದ್ವು.” ನಾವೆಲ್ಲ ಕಾಫಿ ಲೋಟ ಹಿಡಿದು ಕೇಳುತ್ತಿದ್ದೆವು. ನರಿಯನ್ನು ನಂಬಿದೆವು, ಇನ್ನೊಂದು ವಾರ ಕಂಡ ಕಾಡುಪಾಪವನ್ನೂ ನಂಬಿದೆವು. ಒಂದು ಭಾನುವಾರ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಇವತ್ತು ಚಿರತೆ” ಅಂದರು.

ವಠಾರ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಮುಂದೆ ನಾನು. “ಚುಕ್ಕೆ ಎಷ್ಟಿದ್ವು ಮೇಷ್ಟ್ರೇ? ಎಣಿಸಿದ್ರಾ?” ಎಂದೆ. ಆ ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ, ಮುಂದಿನ ಭಾನುವಾರದಿಂದ ಅವರು ಗೇಟಿನೊಳಗೆ ಸೈಕಲ್ ನೂಕುತ್ತಿದ್ದ ಹಾಗೆ ಯಾರಾದರೊಬ್ಬರು ಚುಕ್ಕೆಯ ಲೆಕ್ಕ ಕೇಳುತ್ತಿದ್ದರು. ಮೇಷ್ಟ್ರು ಮುಖ ತಗ್ಗಿಸಿ, “ಇತ್ತು ಕಣ್ರೀ, ನಿಜವಾಗ್ಲೂ ಇತ್ತು” ಅನ್ನುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವ ಮನುಷ್ಯನಿಗೆ ಸುಳ್ಳುಗಾರ ಅನ್ನಿಸಿಕೊಳ್ಳುವುದು ಎಂಥ ಸಂಕಟ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ನಾಚಿಕೆಯಾಗುತ್ತದೆ ಈಗ.

ವಠಾರದ ಓನರ್ ಒಂದು ಹೆಜ್ಜೆ ಮುಂದೆ ಹೋದರು. ಅವರ ಭಾವಮೈದುನನ ಹತ್ತಿರ ಜೀಪಿತ್ತು, ಬಂದೂಕಿತ್ತು, ಮೊಲ ಹೊಡೆಯುವ ಚಟವೂ ಇತ್ತು. “ಜಾಗ ತೋರ್ಸಿ ಮೇಷ್ಟ್ರೇ, ಅವನು ನೋಡ್ಕೋತಾನೆ. ಚರ್ಮ ನಮ್ ಹಾಲ್‌ನಲ್ಲಿ ತೂಗು ಹಾಕೋಣ. ಆಗ ಎಲ್ರೂ ನಂಬ್ತಾರೆ” ಅಂದರು. ಮೇಷ್ಟ್ರು ಜಾಗ ಹೇಳಲಿಲ್ಲ. ಹೇಳದೆ ಹೋದದ್ದಕ್ಕೇ ಅದು ಪಕ್ಕಾ ರೀಲು ಎಂದು ತೀರ್ಮಾನವಾಯಿತು.

ಆವತ್ತು ಸಂಜೆ ಮೇಷ್ಟ್ರು ನನ್ನ ಕೋಣೆಯ ಬಾಗಿಲಿಗೆ ಬಂದರು. “ಬರೋ ಭಾನುವಾರ ನನ್ ಜೊತೆ ಬನ್ನಿ. ಎಲ್ಲಾರ್ಗಿಂತ ಜಾಸ್ತಿ ನಕ್ಕಿದ್ದು ನೀವು. ನೀವು ಹೌದು ಅಂದ್ರೆ ಎಲ್ರೂ ಹೌದು ಅಂತಾರೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಒಪ್ಪಿಕೊಂಡೆ.

ಚಳಿಗಾಲದ ಬೆಳಗಿನ ಜಾವ. ದೇವಸ್ಥಾನ ದಾಟಿದ ಕೂಡಲೇ ಮೇಷ್ಟ್ರು ಸೈಕಲ್ಲಿಳಿದು ಜೇಬಿನಿಂದ ಎರಡು ಚೌಕಳಿ ಕರವಸ್ತ್ರ ತೆಗೆದರು. ಒಂದನ್ನು ತಮ್ಮ ಸೈಕಲ್ಲಿನ ಬೆಲ್ಲಿಗೆ ಬಿಗಿಯಾಗಿ ಕಟ್ಟಿದರು, ಇನ್ನೊಂದನ್ನು ನನ್ನ ಬೆಲ್ಲಿಗೆ. ಕಲ್ಲು ಹಾದಿಯಲ್ಲಿ ಸೈಕಲ್ ಕುಲುಕಿದರೆ ಬೆಲ್ಲು ತಾನೇ ಕಿಣಿಗುಡುತ್ತದಂತೆ. ಚೈನು ಕಿರುಗುಟ್ಟದಿರಲು ಹೊಲಿಗೆ ಯಂತ್ರದ ಎಣ್ಣೆ. ವಾಪಸು ಬರುವಾಗ ಇದೇ ಜಾಗದಲ್ಲಿ ಬಟ್ಟೆ ಬಿಚ್ಚಿ ಎರಡು ಸಲ ಬೆಲ್ಲು ಹೊಡೆಯಬೇಕು. “ಊರಿಗೆ ವಾಪಸ್ ಬಂದ್ವಿ ಅಂತ” ಅಂದರು. ನನಗೆ ಒಳಗೊಳಗೇ ನಗು.

ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿದೆವು. ಎಲ್ಲಿ ಅಂತ ಈಗಲೂ ಹೇಳಲು ಮನಸ್ಸು ಬರುವುದಿಲ್ಲ, ಅಭ್ಯಾಸ. ಮಂಜಿನಲ್ಲಿ ಮುಂದಿನ ಸೈಕಲ್ಲಿನ ಹಿಂದಿನ ಚಕ್ರವೊಂದೇ ಕಾಣುತ್ತಿತ್ತು. ಒಂದು ನರಿ ಹಾದಿ ದಾಟಿ, ನಿಂತು, ನಮ್ಮಿಬ್ಬರನ್ನೂ ನೋಡಿ ಹೋಯಿತು. ಅಷ್ಟಕ್ಕೇ ನನಗೆ ಮೈ ಜುಮ್ಮೆಂದಿತು. ಕಚೇರಿಗೆ ಹೋಗುವ ಇದೇ ಸೈಕಲ್ಲಿನಲ್ಲಿ, ಇಷ್ಟು ಹತ್ತಿರದಲ್ಲಿ, ಇಂಥದ್ದೊಂದು ಬೆಳಗು ದಿನಾ ನಡೆಯುತ್ತಿದೆ ಎಂದು ಯಾರಿಗೆ ಗೊತ್ತಿತ್ತು!

ಒಂದು ದೊಡ್ಡ ಬಂಡೆಯ ಇದಿರು ಮೇಷ್ಟ್ರು ಸೈಕಲ್ಲನ್ನು ಹುಲ್ಲಿನಲ್ಲಿ ಮಲಗಿಸಿದರು, ನಾನೂ ಮಲಗಿಸಿದೆ. ಪೊದೆಯ ಹಿಂದೆ ಕೂತೆವು. ಬಂಡೆಯ ಮೇಲೆ ಬಿಸಿಲು ಬಿತ್ತು. ನಾನು ನೋಡಿದ್ದು ಬರೀ ಬಿಸಿಲು, ಒಣಹುಲ್ಲು, ನೆರಳು. ಮೇಷ್ಟ್ರು ನನ್ನ ಮೊಣಕೈ ಒತ್ತಿದರು. ಆಗ ಆ ಒಣಹುಲ್ಲು ಉಸಿರಾಡಿತು.

ಅದು ಅಲ್ಲೇ ಮಲಗಿತ್ತು. ಮೊದಲಿನಿಂದಲೂ ಅಲ್ಲೇ. ಹೊನ್ನಿನ ಬಣ್ಣದ ಮೈ, ಬಂಡೆಯಿಂದ ಕೆಳಕ್ಕೆ ಇಳಿಬಿದ್ದ ಬಾಲ. ಅಷ್ಟರಲ್ಲಿ ಬಂಡೆಯ ಸಂದಿಯಿಂದ ಒಂದು ಮರಿ ಹೊರಗೆ ಬಂದು ಆ ಬಾಲವನ್ನು ಹಿಡಿಯಲು ನೆಗೆಯಿತು. ಸಿಗಲಿಲ್ಲ, ಮಗುಚಿ ಬಿತ್ತು. ಅದರ ಹಿಂದೆ ಇನ್ನೊಂದು. ತಾಯಿ ಬಾಲವನ್ನು ಸ್ವಲ್ಪ ಮೇಲಕ್ಕೆತ್ತಿ ಮತ್ತೆ ಇಳಿಬಿಟ್ಟಿತು, ಆಡಿಸುತ್ತಿತ್ತು... ಆಮೇಲೆ ತಲೆ ತಿರುಗಿಸಿ ನೇರವಾಗಿ ನಾವಿದ್ದ ಪೊದೆಯತ್ತ ನೋಡಿತು. ಭಯವಾಗಲಿಲ್ಲ ಅಂದರೆ ಸುಳ್ಳು. ಆದರೆ ಭಯಕ್ಕಿಂತ ದೊಡ್ಡದೊಂದು ಇತ್ತು. ಚಿಕ್ಕಂದಿನಲ್ಲಿ ಮೊದಲ ಸಲ ದೊಡ್ಡ ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತಾಗ, ಕೈ ಮುಗಿಯುವುದನ್ನೂ ಮರೆತು ನಿಂತಿದ್ದೆ. ಆ ಪೊದೆಯ ಹಿಂದೆಯೂ ಹಾಗೇ ಕೂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಎಷ್ಟು ಹೊತ್ತೋ ತಿಳಿಯದು. ತಾಯಿ ಎದ್ದು ಮೈ ಮುರಿದು ಸಂದಿಯೊಳಗೆ ಹೋಯಿತು, ಮರಿಗಳು ಹಿಂದೆಯೇ ಓಡಿದವು.

ನಾನು ಮೇಷ್ಟ್ರ ಕೈ ಹಿಡಿದುಕೊಂಡೆ. “ಇವತ್ತು ಹೋಗಿ ಒಬ್ಬೊಬ್ರಿಗೂ ಹೇಳ್ತೀನಿ ಮೇಷ್ಟ್ರೇ. ಎಲ್ರ ಬಾಯಿಗೂ ಬೀಗ ಹಾಕಿಸ್ತೀನಿ” ಎಂದೆ.

ಅವರು ಸೈಕಲ್ ಎತ್ತಿ ಹಾದಿಗೆ ತಂದ ಮೇಲೆ ಹೇಳಿದರು. “ಇಷ್ಟ್ ದಿನ ಅದೊಂದೇ ಇತ್ತು ಅಂತ ತಿಳ್ಕೊಂಡಿದ್ದೆ. ಯಾರಾದ್ರೂ ಬಂದ್ರೆ ಓಡ್ಹೋಗತ್ತೆ, ಯಾರ ಕೈಗೂ ಸಿಗಲ್ಲ ಅಂತ ಧೈರ್ಯವಾಗಿ ಬಾಯ್ಬಿಟ್ಟೆ. ಈಗ ಮರಿ ಇದಾವೆ. ಮರಿ ಬಿಟ್ಟು ಓಡಲ್ಲ ಅದು. ನೀವು ಹೌದು ಅಂದ್ರೆ ಆ ಜೀಪು ಹುಡುಕ್ಕೊಂಡ್ ಬರತ್ತೆ. ಏನೂ ನೋಡ್ಲಿಲ್ಲ ಅಂತ ಹೇಳ್ಬಿಡಿ.”

“ಅಲ್ಲ ಮೇಷ್ಟ್ರೇ, ನಿಮ್ಮ ಮಾತು...”

“ನನ್ ಮಾತು ಹೋಗ್ಲಿ ಬಿಡ್ರೀ.”

ವಠಾರದ ಗೇಟಿನಲ್ಲಿ ಎಲ್ಲರೂ ಕಾದಿದ್ದರು. ಓನರ್, ಅವರ ಪಕ್ಕ ಭಾವಮೈದುನ, ಆಚೆ ರಸ್ತೆಯಲ್ಲಿ ಜೀಪು. “ಏನಯ್ಯಾ, ಚುಕ್ಕೆ ಎಣಿಸ್ಕೊಂಡ್ ಬಂದ್ಯಾ?” ಅಂತ ಓನರ್ ನನ್ನದೇ ಮಾತನ್ನು ನನಗೆ ತಿರುಗಿಸಿದರು. ಮೇಷ್ಟ್ರು ಸೈಕಲ್ಲನ್ನು ಗೋಡೆಗೆ ಒರಗಿಸಿ, ನಲ್ಲಿಯ ಕೆಳಗೆ ಬಗ್ಗಿ, ಮುಖ ತೊಳೆಯುತ್ತಿದ್ದರು. ನೀರು ಸುರಿಯುತ್ತಲೇ ಇತ್ತು, ಅವರು ಮುಖ ಮೇಲೆತ್ತಲಿಲ್ಲ. ಅವರ ಹೆಂಡತಿ ಕಾಫಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

“ಏನೂ ಇಲ್ಲ ಸಾರ್. ಬರೀ ಕಲ್ಲು, ಮುಳ್ಳು. ಎಲ್ಲಾ ಮೇಷ್ಟ್ರ ರೀಲು” ಎಂದೆ.

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಜೀಪು ಹೊರಟುಹೋಯಿತು. ಅವತ್ತಿನಿಂದ ವಠಾರದಲ್ಲಿ ಅವರ ಹೆಸರು ರೀಲು ಮೇಷ್ಟ್ರು. ಅಂಗಡಿಯವರೂ ಹಾಗೇ ಕರೆದರು, ಕೊನೆಗೆ ಅವರ ಸ್ಕೂಲಿನ ಮಕ್ಕಳ ತನಕ ಆ ಹೆಸರು ಹೋಯಿತು. ಅವರು ಮತ್ತೆಂದೂ ನಲ್ಲಿಯ ಹತ್ತಿರ ವರದಿ ಒಪ್ಪಿಸಲಿಲ್ಲ. ಆದರೆ ಪ್ರತಿ ಭಾನುವಾರ ಹೋಗುತ್ತಿದ್ದರು, ನಾನೂ ಜೊತೆಗೆ ಹೋಗುತ್ತಿದ್ದೆ. ಮರಿಗಳು ಬೆಳೆದವು. ಒಂದು ಮಳೆಗಾಲ ಕಳೆದ ಮೇಲೆ ಬಂಡೆ ಖಾಲಿಯಾಗಿತ್ತು. “ದಾರಿ ಹಿಡ್ಕೊಂಡ್ ಹೋದ್ವು” ಎಂದು ಮೇಷ್ಟ್ರು ಮಗಳ ಮದುವೆ ಮುಗಿಸಿದವರ ಹಾಗೆ ಖಾಲಿ ಬಂಡೆಯನ್ನೇ ನೋಡುತ್ತಾ ಕೂತರು.

ಎಂಬತ್ತರ ದಶಕದ ನಡುವೆ, ರಿಟೈರಾದ ವರ್ಷವೇ ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಒಂದು ಪೊಟ್ಟಣ ಕೊಟ್ಟರು. ಸೈಕಲ್ಲಿನ ಬೆಲ್ಲು, ಅದಕ್ಕೆ ಬಿಗಿದ ಚೌಕಳಿ ಕರವಸ್ತ್ರ.

“ನಿನ್ನ ಏನೂ ಕೇಳಲ್ಲಪ್ಪ” ಅಂದರು. “ಪ್ರತಿ ವಾರ ದೇವಸ್ಥಾನದ ಹತ್ರಾನೇ ಈ ಬಟ್ಟೆ ಬಿಚ್ಚಿ, ಮಡಿಸಿ ಜೇಬಿಗಿಟ್ಕೊಂಡು ಬರ್ತಿದ್ರು. ನೀನು ಏನೂ ಇಲ್ಲ ಅಂದ್ಯಲ್ಲ, ಆವತ್ತು ಬೆಲ್ಲಿಗೆ ಕಟ್ಟಿದ್ ಹಾಗೇ ಇತ್ತು. ನಾನು ಹೊಸ್ತಿಲಲ್ಲಿ ನಿಂತು ನೋಡ್ದೆ. ಏನೂ ನೋಡದೆ ಬಂದೋರು ಹಾಗೆ ಮೈಮರೀತಾರಾ?”

ನಾನು ತಲೆ ತಗ್ಗಿಸಿದೆ. ಅವರು ನನ್ನ ತಲೆ ಸವರಿ ಒಳಗೆ ಹೋದರು. ಎಲ್ಲರೂ ನಗುವಾಗ ಅವರೊಬ್ಬರೇ ಇಷ್ಟು ವರ್ಷ ನಂಬಿಕೊಂಡು, ಒಂದು ಮಾತೂ ಆಡದೆ ಇದ್ದರು.

ಈಗ ಆಕೆಯೂ ಇಲ್ಲ. ಓನರ್ ಇಲ್ಲ, ವಠಾರ ಕೆಡವಿ ಫ್ಲಾಟು ಕಟ್ಟಿ ಎಷ್ಟೋ ಕಾಲವಾಯಿತು. ಹೋದ ವಾರ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದ ಮರುದಿನವೇ ಆಟೋ ಮಾಡಿಕೊಂಡು ಬಂಡೆಯ ಹತ್ತಿರ ಹೋದೆ. ಬಂಡೆ ಇರಲಿಲ್ಲ. ಸಿಡಿಮದ್ದು ಇಟ್ಟು, ಜಲ್ಲಿ ಮಾಡಿ ಸಾಗಿಸಿದ್ದಾರೆ. ಅದಿದ್ದಲ್ಲಿ ಒಂದು ಆಳವಾದ ಹೊಂಡ, ಹಸಿರು ನೀರು. ಅಂಚಿನಲ್ಲಿ ತುಂಬಾ ಹೊತ್ತು ನಿಂತಿದ್ದೆ. ಇನ್ನು ಯಾರನ್ನು ಕಾಪಾಡಲಿಕ್ಕೆ ನಾನು ಸುಮ್ಮನಿರಬೇಕು?

ಅದಕ್ಕೇ ಈಗ ಹೇಳುತ್ತಿದ್ದೇನೆ. ತಾಯಿ ಒಂದು, ಮರಿ ಎರಡು. ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮೇಷ್ಟ್ರು ಸುಳ್ಳು ಹೇಳುವವರಲ್ಲ.

ಮನೆಗೆ ಬಂದು ಆ ಕರವಸ್ತ್ರದ ಗಂಟು ಬಿಚ್ಚಿದೆ. ತುಕ್ಕು ಹಿಡಿದ ಬೆಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಮೇಷ್ಟ್ರು ಹೇಳಿಕೊಟ್ಟಿದ್ದ ಹಾಗೆ ಎರಡು ಸಲ ಹೊಡೆದೆ.